ಕಿವಿಮಾತಿನಿಂದ ಪ್ರಶ್ನೋತ್ತರಕ್ಕೆ: ಸ್ವತಂತ್ರ ಲೈಂಗಿಕ ಶಿಕ್ಷಕರ ವೃತ್ತಿಮರ್ಯಾದೆಯ ಚಾರಿತ್ರಿಕ ನೆಲೆಗಳು

ಆಸ್ಪತ್ರೆಗೂ ಶಾಲೆಗೂ ಸೇರದೆ, ಶುಲ್ಕ ಪಡೆದು, ಹರೆಯದವರಿಗೆ, ಪಾಲಕರಿಗೆ ಮತ್ತು ದಂಪತಿಗಳಿಗೆ ಲೈಂಗಿಕ ತಿಳಿವಳಿಕೆ ನೀಡುವ ಸ್ವತಂತ್ರ ಶಿಕ್ಷಕ ಎಂಬ ವೃತ್ತಿ ನಮ್ಮ ಮಹಾನಗರಗಳಲ್ಲಿ ಈಚಿನದು. ಆದರೆ ಇಂಥ ವಿದ್ಯೆಯನ್ನು ಹೇಳುವವರು ಎಲ್ಲಿಯವರೆಗೆ ಹೇಳಬೇಕು, ಎಲ್ಲಿ ನಿಲ್ಲಬೇಕು, ಕೇಳುವವರೊಡನೆ ಎಷ್ಟು ಹತ್ತಿರವಿರಬೇಕು ಎಂಬ ಪ್ರಶ್ನೆ ಬಹಳ ಹಳೆಯದು. ಮುಂಬಯಿಗೆ ಹೊಂದಿಕೊಂಡ ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳ ವಲಯವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯ ಹಿಂದಣ ಹೆಜ್ಜೆಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಈ ವಲಯದಲ್ಲಿ ಕನ್ನಡ ಪರಂಪರೆಯೂ ಮರಾಠಿ ಸುಧಾರಣಾ ಪರಂಪರೆಯೂ ಒಂದೇ ಮನೆಯೊಳಗೆ ಎದುರಾಗುತ್ತವೆ. ಅಭ್ಯಾಸಿಗಳಿಗೆ ಈ ನೆಲ ಮುಖ್ಯವಾಗುವುದು ಈ ಕಾರಣದಿಂದ.

ಮೊದಲಿಗೆ ಒಂದು ಪದದ ವಿಚಾರ. 'ಮರ್ಯಾದೆ' ಎಂದರೆ ಇಂದಿನ ಬಳಕೆಯ ಕನ್ನಡದಲ್ಲಿ ಗೌರವ, ಮಾನ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಎಲ್ಲೆ, ಗಡಿ, ಸಮುದ್ರದ ದಂಡೆ. ಎಲ್ಲೆಯಲ್ಲಿ ನಿಂತವನಿಗೆ ಸಲ್ಲುವುದು ಗೌರವ ಎಂಬ ಭಾವನೆಯಿಂದ ಒಂದು ಅರ್ಥ ಇನ್ನೊಂದಕ್ಕೆ ಸರಿದಿರಬೇಕು. ವೃತ್ತಿಯ ಎಲ್ಲೆ ಎಂದೊಡನೆ ಅದನ್ನು ಪರದೇಶದಿಂದ ಬಂದ ಕಲ್ಪನೆಯೆಂದು ತಳ್ಳಿಹಾಕುವವರು ಈ ಪದದ ಎರಡು ಮುಖಗಳನ್ನು ನೋಡಿದರೆ ಸಾಕೆಂದು ನಮಗೆ ತೋರುತ್ತದೆ. ಈ ಲೇಖನದಲ್ಲಿ 'ಮರ್ಯಾದೆ' ಎಂಬುದನ್ನು ನಾವು ಎರಡೂ ಅರ್ಥಗಳಲ್ಲಿ ಬಳಸುತ್ತೇವೆ.

ವಾತ್ಸ್ಯಾಯನನ 'ಕಾಮಸೂತ್ರ'ದ ಮೊದಲ ಅಧಿಕರಣದಲ್ಲಿ, ಕನ್ಯೆಗೆ ಈ ಶಾಸ್ತ್ರವನ್ನು ಹೇಳಿಕೊಡಬಲ್ಲ ಆಚಾರ್ಯರು ಯಾರು ಎಂಬ ಪಟ್ಟಿಯಿದೆ. ಜೊತೆಯಲ್ಲಿ ಬೆಳೆದ, ಈಗಾಗಲೇ ದಾಂಪತ್ಯವನ್ನು ಬಲ್ಲ ದಾದಿಯ ಮಗಳು, ಅಂಥವಳೇ ಆದ, ಸಂಕೋಚವಿಲ್ಲದೆ ಮಾತಾಡಬಹುದಾದ ಗೆಳತಿ, ಸಮವಯಸ್ಸಿನ ಚಿಕ್ಕಮ್ಮ, ಆ ಚಿಕ್ಕಮ್ಮನ ಸ್ಥಾನದಲ್ಲಿರುವ, ನಂಬಿಕೆಗೆ ಅರ್ಹಳಾದ ವೃದ್ಧದಾಸಿ, ಹಿಂದಿನಿಂದ ಪರಿಚಯವಿರುವ ಭಿಕ್ಷುಕಿ, ಅಕ್ಕ. ಈ ಪಟ್ಟಿಯನ್ನು ಸಾಮಾನ್ಯವಾಗಿ ಕುತೂಹಲದ ಸಂಗತಿಯಾಗಿ ಓದಿ ಬಿಡುತ್ತಾರೆ. ಇಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಇವರೆಲ್ಲರೂ ಮನೆಯೊಳಗಿನವರು, ಇಲ್ಲವೇ ಮನೆಯ ಬಾಗಿಲಿಗೆ ಬಹುಕಾಲದಿಂದ ಬರುತ್ತಿರುವವರು. ಎರಡು, ನಂಬಿಕೆ ಎಂಬ ಯೋಗ್ಯತೆ ಇಲ್ಲಿ ವಿದ್ಯೆಯಷ್ಟೇ ಮುಖ್ಯ. ಹೇಳಿಕೊಡುವವಳು ಎಲ್ಲೆ ಮೀರಿದರೆ ಅವಳನ್ನು ಕೇಳುವವರು ಮನೆಯಲ್ಲಿಯೇ ಇದ್ದಾರೆ. ಬಂಧುತ್ವವೇ ಎಲ್ಲೆಯನ್ನು ಕಾಯುತ್ತದೆ. ಹೊರಗಿನವಳೆನ್ನಬಹುದಾದವಳು ಭಿಕ್ಷುಕಿಯೊಬ್ಬಳೇ. ಇಂದಿನ ಸ್ವತಂತ್ರ ಶಿಕ್ಷಕಿಯ ಪೂರ್ವಜೆಯನ್ನು ಈ ಪಟ್ಟಿಯಲ್ಲಿ ಹುಡುಕುವುದಾದರೆ ಅವಳು ಈಕೆಯೇ ಆಗಬೇಕು.

ಅದೇ ಗ್ರಂಥದ ಕೊನೆಯಲ್ಲಿ ವಾತ್ಸ್ಯಾಯನನು ತಾನು ಇದನ್ನು ಬ್ರಹ್ಮಚರ್ಯದಿಂದಲೂ ಏಕಾಗ್ರಚಿತ್ತದಿಂದಲೂ ರಚಿಸಿದೆನೆಂದು ಹೇಳಿಕೊಂಡಿದ್ದಾನೆ. ಇದು ನಿಜವೋ ಶಾಸ್ತ್ರಕಾರನ ರೂಢಿಯೋ ಎಂಬ ಚರ್ಚೆ ನಮಗೆ ಬೇಡ. ಹೇಳುವವನು ತನ್ನ ಅನುಭವವನ್ನು ಪ್ರಮಾಣವಾಗಿ ಮುಂದಿಡುತ್ತಿಲ್ಲ, ತನ್ನ ಬಾಳನ್ನು ಪಾಠದ ಹೊರಗಿಟ್ಟಿದ್ದಾನೆ ಎಂಬ ಘೋಷಣೆ ಅದರಲ್ಲಿದೆ. ಶಿಕ್ಷಕನು ತನ್ನ ಸ್ವಂತ ಲೈಂಗಿಕ ಬದುಕನ್ನು ತರಗತಿಗೆ ತರಬಾರದೆಂದು ಇಂದು ಹೇಳುವ ನಿಯಮಕ್ಕೆ ಇದಕ್ಕಿಂತ ಹಳೆಯ ಹೇಳಿಕೆಯನ್ನು ನಾವು ಕಂಡಿಲ್ಲ.

ಕನ್ನಡದಲ್ಲಿ ಈ ಶಾಸ್ತ್ರದ ಮೊದಲ ಉಪಲಬ್ಧ ಕೃತಿ ಚಂದ್ರರಾಜನ 'ಮದನತಿಲಕ'. ಕಾಲ ಸುಮಾರು 1025; ಕವಿ ಪಶ್ಚಿಮ ಚಾಲುಕ್ಯ ಎರಡನೆಯ ಜಯಸಿಂಹನ ಸಾಮಂತನಾದ ಮಾಚಿರಾಜನ ಆಶ್ರಿತ. ವಾತ್ಸ್ಯಾಯನನನ್ನು ಆಧರಿಸಿದ ಈ ಚಂಪುವಿನಲ್ಲಿ ಬೋಧೆ ನಡೆಯುವುದು ಆಶ್ರಯದಾತ ಮತ್ತು ಅವನ ಹೆಂಡತಿಯ ನಡುವಣ ಸಂವಾದದಲ್ಲಿ. ನಾಲ್ಕು ಶತಮಾನಗಳ ತರುವಾಯ, ಸುಮಾರು 1450ರಲ್ಲಿ, ವಿಜಯನಗರದ ಮಲ್ಲಿಕಾರ್ಜುನನ ಕಾಲದಲ್ಲಿ ಕಲ್ಲರಸನು 'ಜನವಶ್ಯ'ವನ್ನು ಬರೆದಾಗಲೂ ಚೌಕಟ್ಟು ದಂಪತಿಯದೇ; ಅಲ್ಲಿ ಕವಿ ತನ್ನ ಹೆಂಡತಿಗೆ ಹೇಳುತ್ತಾನೆ. ಸಾಹಿತ್ಯ ಚರಿತ್ರೆಗಳು ಇದನ್ನು ಕಥನತಂತ್ರವೆಂದು ಒಂದು ವಾಕ್ಯದಲ್ಲಿ ಮುಗಿಸುತ್ತವೆ. ನಮ್ಮ ಅಭಿಪ್ರಾಯದಲ್ಲಿ ಇದು ತಂತ್ರಕ್ಕಿಂತ ಹೆಚ್ಚಿನದು. ಓದುವ ಅಪರಿಚಿತನು ಇಲ್ಲಿ ನೇರವಾಗಿ ಪಾಠ ಕೇಳುತ್ತಿಲ್ಲ. ದಂಪತಿಯ ಮಾತು ಅವನ ಕಿವಿಗೆ ಬೀಳುತ್ತಿದೆ. ಹೇಳಬಾರದವರಿಗೆ ಹೇಳಿದೆನೆಂಬ ಆರೋಪ ಕವಿಗೆ ತಟ್ಟುವುದಿಲ್ಲ. ಮನೆಯಲ್ಲಿ ಬಂಧುತ್ವ ಮಾಡುತ್ತಿದ್ದ ಕೆಲಸವನ್ನು ಗ್ರಂಥದಲ್ಲಿ ಸಂವಾದದ ಚೌಕಟ್ಟು ಮಾಡಿತು.

ಕನ್ನಡ ವಿದ್ಯಾರ್ಥಿಗೆ ಕಲ್ಯಾಣ ಎಂದರೆ ನೆನಪಾಗುವುದು ಚಾಲುಕ್ಯರ, ಬಸವಣ್ಣನವರ ಕಲ್ಯಾಣ. ನಾವೀಗ ಹೋಗಬೇಕಾದುದು ಉಲ್ಲಾಸ ನದಿಯ ದಂಡೆಯ ಇನ್ನೊಂದು ಕಲ್ಯಾಣಕ್ಕೆ. ಮುಂಬಯಿಯಿಂದ ಠಾಣೆಗೆ 1853ರಲ್ಲಿ ಓಡಿದ ರೈಲು ಮರುವರ್ಷ ಈ ಊರನ್ನು ಮುಟ್ಟಿತು. ಇಲ್ಲಿ 1865ರಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿಯವರಿಗೆ ಒಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಯಿತು. ಹದಿನಾಲ್ಕರಲ್ಲಿ ಹುಟ್ಟಿದ ಮಗು ಕೆಲವೇ ದಿನ ಬದುಕಿತು. ವೈದ್ಯ ಕಲಿಯಲು ಅಮೆರಿಕೆಗೆ ಹೊರಡುವ ಮುನ್ನ 1883ರಲ್ಲಿ ಸೇರಾಂಪುರದಲ್ಲಿ ಮಾಡಿದ ಭಾಷಣದಲ್ಲಿ ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದುದು, ಹಿಂದೂ ಸ್ತ್ರೀಯರಿಗೆ ಸ್ತ್ರೀ ವೈದ್ಯರ ಅಗತ್ಯವಿದೆ ಎಂಬುದು. ಹೆಣ್ಣು ತನ್ನ ದೇಹದ ಮಾತನ್ನು ಹೊರಗಿನ ಗಂಡಸಿನ ಮುಂದೆ ಆಡಲಾರಳು. ಮನೆಯವರ ಮುಂದೆ ಆಡಿದರೆ ಅವರಿಗೆ ವಿದ್ಯೆಯಿಲ್ಲ. ನಂಬಿಕೆಯೂ ವಿದ್ಯೆಯೂ ಒಂದೇ ವ್ಯಕ್ತಿಯಲ್ಲಿ ಸೇರಬೇಕು, ಆ ವ್ಯಕ್ತಿ ಬಂಧುವಾಗಿರಬೇಕಾಗಿಲ್ಲ ಎಂಬ ಹೊಸ ವಿಚಾರ ಇಲ್ಲಿ ಹುಟ್ಟಿತು. ಪೆನ್ಸಿಲ್ವೇನಿಯದ ಮಹಿಳಾ ವೈದ್ಯಕೀಯ ಕಾಲೇಜಿಗೆ ಅವರು 1886ರಲ್ಲಿ ಸಲ್ಲಿಸಿದ ಪ್ರಬಂಧ ಹಿಂದೂಗಳ ಪ್ರಸೂತಿಶಾಸ್ತ್ರವನ್ನು ಕುರಿತದ್ದು. 1887ರ ಫೆಬ್ರವರಿಯಲ್ಲಿ, ವೃತ್ತಿಯನ್ನು ಆರಂಭಿಸುವ ಮೊದಲೇ, ಅವರು ತೀರಿಕೊಂಡರು.

ವೈದ್ಯರಲ್ಲದ, ಯಾವ ಸಂಸ್ಥೆಯ ಆಶ್ರಯವೂ ಇಲ್ಲದ ಲೈಂಗಿಕ ಶಿಕ್ಷಕನೊಬ್ಬ ಈ ಪ್ರಾಂತದಲ್ಲಿ ಕಾಣಿಸಿಕೊಂಡುದು ಇನ್ನೊಂದು ತಲೆಮಾರಿನ ಬಳಿಕ. ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಹಿರಿಯ ಮಗ ರಘುನಾಥ ಧೋಂಡೊ ಕರ್ವೆ (1882–1953) ಗಣಿತದ ಅಧ್ಯಾಪಕರು. 1921ರಲ್ಲಿ, ಲಂಡನಿನಲ್ಲಿ ಮೇರಿ ಸ್ಟೋಪ್ಸ್ ತಮ್ಮ ಚಿಕಿತ್ಸಾಲಯವನ್ನು ತೆರೆದ ವರ್ಷದಲ್ಲಿಯೇ, ಅವರು ಮುಂಬಯಿಯಲ್ಲಿ ಸಂತತಿ ನಿಯಮನ ಕೇಂದ್ರವನ್ನು ಆರಂಭಿಸಿದರು. ಪತ್ನಿ ಮಾಲತಿಬಾಯಿ ಈ ಕೆಲಸದಲ್ಲಿ ಜೊತೆಗಿದ್ದರು. ವಿಲ್ಸನ್ ಕಾಲೇಜಿನ ಆಡಳಿತ ಮತ್ತು ಅವರ ಪ್ರಚಾರಕಾರ್ಯ ಒಟ್ಟಿಗೆ ಸಾಗಲಿಲ್ಲ. 1925ರಲ್ಲಿ ಕೆಲಸ ಬಿಟ್ಟರು. 1927ರ ಜುಲೈಯಲ್ಲಿ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಪತ್ರಿಕೆಯನ್ನು ಆರಂಭಿಸಿ, 1953ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. 1934ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರು 'ಆಧುನಿಕ ಕಾಮಶಾಸ್ತ್ರ'. ಹಳೆಯ ಶಾಸ್ತ್ರದ ಹೆಸರನ್ನು ಇಟ್ಟುಕೊಂಡು ಅದರ ಚೌಕಟ್ಟನ್ನು ಬಿಟ್ಟುಕೊಟ್ಟ ಶೀರ್ಷಿಕೆ ಇದು. ಇಲ್ಲಿ ದಂಪತಿಯ ಸಂವಾದವಿಲ್ಲ, ಹೆಂಡತಿಗೆ ಹೇಳಿದ ನೆಪವಿಲ್ಲ. ಅಪರಿಚಿತನು ಅಪರಿಚಿತರಿಗೆ ಬಹಿರಂಗವಾಗಿ ಹೇಳುತ್ತಿದ್ದಾನೆ.

ಈ ಬದಲಾವಣೆಯ ಭಾರವೆಲ್ಲ ಬಿದ್ದುದು ಪತ್ರಿಕೆಯ ಪ್ರಶ್ನೋತ್ತರದ ಮೇಲೆ. 1931ರಲ್ಲಿ ವ್ಯಭಿಚಾರದ ಪ್ರಶ್ನೆಯನ್ನು ಕುರಿತ ಲೇಖನಕ್ಕಾಗಿ ಅಶ್ಲೀಲತೆಯ ಮೊಕದ್ದಮೆ ಹೂಡಿ ಕರ್ವೆಯವರಿಗೆ ನೂರು ರೂಪಾಯಿ ದಂಡ ಹಾಕಲಾಗಿತ್ತು. 1934ರ ಮೊಕದ್ದಮೆಯ ವಸ್ತು ಬೇರೆ. ಓದುಗರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ ಅಪರಾಧವೆಂದು ಎಣಿಸಲ್ಪಟ್ಟವು. ಹಸ್ತಮೈಥುನ, ಸಲಿಂಗ ಸಂಬಂಧ ಮೊದಲಾದವು ಆ ಪ್ರಶ್ನೆಗಳಲ್ಲಿದ್ದವು. ಕರ್ವೆಯವರ ಪರವಾಗಿ ವಾದಿಸಿದವರು ಬಾಬಾಸಾಹೇಬ ಅಂಬೇಡ್ಕರ್. ಲೈಂಗಿಕ ಶಿಕ್ಷಣಕ್ಕೆಂದೇ ಇರುವ ಪತ್ರಿಕೆಗೆ ಓದುಗರು ಲೈಂಗಿಕ ಪ್ರಶ್ನೆಯನ್ನಲ್ಲದೆ ಬೇರೇನನ್ನು ಕೇಳಿಯಾರು, ಕೇಳಿದ ಮೇಲೆ ಉತ್ತರಿಸದಿದ್ದರೆ ಪತ್ರಿಕೆ ಇರುವುದಾದರೂ ಏಕೆ ಎಂಬುದು ಅವರ ವಾದದ ಸಾರ. ನ್ಯಾಯಾಲಯ ಒಪ್ಪಲಿಲ್ಲ, ಇನ್ನೂರು ರೂಪಾಯಿ ದಂಡವಾಯಿತು.

ಈ ಮೊಕದ್ದಮೆಯನ್ನು ವಾಕ್‌ಸ್ವಾತಂತ್ರ್ಯದ ಚರಿತ್ರೆಯ ಅಧ್ಯಾಯವಾಗಿ ಓದುವುದು ರೂಢಿ. ಅದು ಸರಿಯೇ. ಆದರೆ ನಮ್ಮ ವಿಷಯದ ದೃಷ್ಟಿಯಿಂದ ಇನ್ನೊಂದು ಓದು ಬೇಕು. ನ್ಯಾಯಾಲಯ ಎಲ್ಲೆಯನ್ನು ಎಳೆದುದು ಪ್ರಶ್ನೆಯ ಮೇಲೆ: ಇಂಥದನ್ನು ಕೇಳಬಾರದು, ಕೇಳಿದರೆ ಉತ್ತರಿಸಬಾರದು. ಅಂಬೇಡ್ಕರರ ವಾದದಲ್ಲಿ ಎಲ್ಲೆ ಇರಬೇಕಾದುದು ಬೇರೆಡೆ. ಪ್ರಶ್ನೆ ಯಾವುದೇ ಆಗಲಿ, ಉತ್ತರ ಜ್ಞಾನಕ್ಕಾಗಿ ಇದೆಯೇ, ಉತ್ತರಿಸುವವನು ಶಿಕ್ಷಕನ ಸ್ಥಾನದಲ್ಲಿ ನಿಂತೇ ಉತ್ತರಿಸುತ್ತಿದ್ದಾನೆಯೇ ಎಂಬುದನ್ನು ನೋಡಬೇಕು. ವಿಷಯಕ್ಕೆ ಎಲ್ಲೆ ಹಾಕುವುದಕ್ಕೂ ಶಿಕ್ಷಕನ ನಡತೆಗೆ ಎಲ್ಲೆ ಹಾಕುವುದಕ್ಕೂ ಇರುವ ಈ ಅಂತರ ಮುಖ್ಯವಾದುದು. ನಮ್ಮ ಸಮಾಜ ಇಂದಿಗೂ ಮೊದಲನೆಯದರಲ್ಲಿ ಬಲು ಕಟ್ಟುನಿಟ್ಟು, ಎರಡನೆಯದರಲ್ಲಿ ಬಲು ಉದಾಸೀನ.

ಕರ್ವೆಯವರ ಪತ್ರಿಕೆಯ ಮುಖಪುಟಗಳಲ್ಲಿ ನಗ್ನ ಸ್ತ್ರೀಚಿತ್ರಗಳು ಬರುತ್ತಿದ್ದವು. ನಗ್ನತೆಯಲ್ಲಿ ಅಶ್ಲೀಲವೇನೂ ಇಲ್ಲವೆಂಬ ಅವರ ನಿಲುವಿಗೆ ಅವು ಒಪ್ಪುತ್ತವೆ. ಆದರೂ ಒಳಗಿನ ಪ್ರಶ್ನೋತ್ತರಕ್ಕೆ ಬೇಕಾಗಿದ್ದ ರಕ್ಷಣೆಯನ್ನು ಹೊರಗಿನ ಚಿತ್ರ ಕಡಿಮೆಮಾಡಿತೆಂದು ನಾವು ಭಾವಿಸುತ್ತೇವೆ. ಅವರ ಧೈರ್ಯವನ್ನು ಕೊಂಡಾಡುವ ಬರಹಗಳು ಈ ಮಾತನ್ನು ಎತ್ತುವುದಿಲ್ಲ.

ದಂಡಸಂಹಿತೆಯ 292ನೆಯ ಕಲಮಿಗೆ 1969ರಲ್ಲಿ ಆದ ತಿದ್ದುಪಡಿ, ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆಗಳ ಹಿತದೃಷ್ಟಿಯಿಂದ ಸಮರ್ಥನೀಯವಾದ ಪ್ರಕಟಣೆಗೆ ವಿನಾಯಿತಿ ಕೊಟ್ಟಿತು. ಅಂಬೇಡ್ಕರರ ವಾದ ಸೋತು ಆಗ 35 ವರ್ಷಗಳಾಗಿದ್ದವು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮು ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದುದು 2018ರಲ್ಲಿ.

ಇದೇ ಕಾಲದ ಮೈಸೂರು ಸಂಸ್ಥಾನದ ದಾರಿ ಬೇರೆಯಾಗಿತ್ತು. 1930ರಲ್ಲಿ ಮೈಸೂರು ಸರಕಾರ ಪ್ರಮುಖ ಸರಕಾರಿ ಆಸ್ಪತ್ರೆಗಳಲ್ಲಿ ಸಂತತಿ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮಂಜೂರಾತಿ ನೀಡಿತು; ಸರಕಾರವೇ ಇಂಥ ಕೆಲಸಕ್ಕೆ ಕೈಹಾಕಿದ ಮೊದಲ ನಿದರ್ಶನಗಳಲ್ಲಿ ಅದು ಒಂದು. ಅಲ್ಲಿ ಎಲ್ಲೆಯನ್ನು ಕಾಯಲು ಆಸ್ಪತ್ರೆಯ ಗೋಡೆಯಿತ್ತು, ವೈದ್ಯರ ಪದವಿಯಿತ್ತು, ಸರಕಾರದ ಮುದ್ರೆಯಿತ್ತು. ಮುಂಬಯಿಯಲ್ಲಿ ಕರ್ವೆಯವರು ಜುಲ್ಮಾನೆ ಕಟ್ಟುತ್ತಿದ್ದ ದಶಕದಲ್ಲಿ ಮೈಸೂರಿನಲ್ಲಿ ಇದು ಆಡಳಿತದ ಸಾಮಾನ್ಯ ಕಡತವಾಗಿತ್ತು. ಸಂಸ್ಥೆಯ ಆಶ್ರಯದಲ್ಲಿರುವವನಿಗೂ ಸ್ವತಂತ್ರನಿಗೂ ಇರುವ ವ್ಯತ್ಯಾಸ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣಲಿಕ್ಕಿಲ್ಲ.

ಕನ್ನಡದಲ್ಲಿ ಈ ಬೋಧೆಯನ್ನು ಮನೆಮನೆಗೆ ಮುಟ್ಟಿಸಿದ ಲೇಖಕಿ ಡಾ. ಅನುಪಮಾ ನಿರಂಜನ (1934–1991). 'ದಾಂಪತ್ಯ ದೀಪಿಕೆ', 'ವಧುವಿಗೆ ಕಿವಿಮಾತು', 'ಕೇಳು ಕಿಶೋರಿ' ಎಂಬ ಹೆಸರುಗಳನ್ನೇ ನೋಡಬಹುದು. ಕಿವಿಮಾತು ಹೇಳುವವಳು ಅತ್ತಿಗೆ ಅಥವಾ ಅಕ್ಕ. 'ಕೇಳು' ಎಂಬ ಏಕವಚನ ಮನೆಯ ಹಿರಿಯಳದು. ವೈದ್ಯೆಯ ವಿದ್ಯೆಗೆ ಬಂಧುವಿನ ದನಿಯನ್ನು ತೊಡಿಸಿದುದು ಈ ಪುಸ್ತಕಗಳ ವೈಶಿಷ್ಟ್ಯ. ಕಲ್ಲರಸನು ಹೆಂಡತಿಗೆ ಹೇಳಿದಂತೆ ಇವರು ತಂಗಿಗೆ ಹೇಳಿದರು. ಕರ್ವೆಯವರು ಬಿಟ್ಟುಕೊಟ್ಟ ಚೌಕಟ್ಟನ್ನು ಕನ್ನಡ ಇನ್ನೊಂದು ರೂಪದಲ್ಲಿ ಉಳಿಸಿಕೊಂಡಿತು. ಪುಸ್ತಕದಲ್ಲಿ ಇದು ನಿರಪಾಯ, ಏಕೆಂದರೆ ಪುಸ್ತಕದ ಅಕ್ಕ ಮನೆಗೆ ಬರುವುದಿಲ್ಲ.

ಠಾಣೆಯಿಂದ ಕಲ್ಯಾಣದವರೆಗಿನ ರೈಲುಹಾದಿಯ ಊರುಗಳು, 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಖಾಡಿಯ ಆಚೆ ಕಟ್ಟಿದ ನವಿ ಮುಂಬಯಿ, ಇವೆಲ್ಲ ವಲಸೆಯ ಮನೆಗಳ ಊರುಗಳು. ದಕ್ಷಿಣ ಕನ್ನಡದಿಂದ ಹೋಟೆಲಿನ ಕೆಲಸಕ್ಕೆ ಬಂದ ಹುಡುಗರು, ಬಯಲುಸೀಮೆಯಿಂದ ದುಡಿಮೆಗೆ ಬಂದ ಕುಟುಂಬಗಳು, ಕಚೇರಿ ಬ್ಯಾಂಕುಗಳ ನೌಕರರು ಅತ್ತಿಗೆ, ಸೋದರತ್ತೆ, ಅಜ್ಜಿಯರನ್ನು ಊರಿನಲ್ಲಿ ಬಿಟ್ಟು ಬಂದವರು. ವಾತ್ಸ್ಯಾಯನನ ಪಟ್ಟಿಯಲ್ಲಿನ ಒಬ್ಬಳೂ ಎರಡು ಕೋಣೆಯ ಈ ಮನೆಗಳಲ್ಲಿಲ್ಲ. ಡೊಂಬಿವಲಿಯ ಕರ್ನಾಟಕ ಸಂಘ ಶಾಲೆ–ಕಾಲೇಜು ಕಟ್ಟಿತು; ವಾಶಿಯಲ್ಲಿಯೂ ಠಾಣೆಯಲ್ಲಿಯೂ ಕನ್ನಡ ಸಂಘಗಳು ನಾಟಕ, ಹಬ್ಬ, ಸಾಹಿತ್ಯಗೋಷ್ಠಿಗಳನ್ನು ನಡೆಸುತ್ತ ಬಂದಿವೆ. ಆದರೆ ಸೋದರತ್ತೆಯ ಈ ಒಂದು ಕೆಲಸವನ್ನು ಸಂಘವೊಂದು ವಹಿಸಿಕೊಳ್ಳುವುದು ಸುಲಭವಲ್ಲ. ಶಾಲೆಗಳು ವಹಿಸಿಕೊಳ್ಳಬಹುದೆಂಬ ನಿರೀಕ್ಷೆಯೂ ಹುಸಿಯಾಯಿತು: ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ತಡೆದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು, ಕರ್ನಾಟಕವೂ ಇತ್ತು. ಊರಿನಲ್ಲಿಯೂ ಇಲ್ಲ, ಉಪನಗರದಲ್ಲಿಯೂ ಇಲ್ಲ.

ಹೀಗೆ ತೆರವಾದ ಜಾಗಕ್ಕೆ ಎರಡು ಬಗೆಯವರು ಬಂದರು. ಲೋಕಲ್ ರೈಲಿನ ಡಬ್ಬಿಯ ಗೋಡೆಗೆ ಅಂಟಿಸಿದ ಗುಪ್ತರೋಗದ ಚೀಟಿಗಳನ್ನು ಕಾಣದ ಪ್ರಯಾಣಿಕನಿಲ್ಲ. ಲೈಂಗಿಕ ಶಕ್ತಿಯನ್ನು ಹೆಚ್ಚಿಸುವೆವೆಂಬ ಜಾಹೀರಾತನ್ನು 1954ರ ಕಾಯಿದೆ ನಿಷೇಧಿಸಿದ್ದರೂ ಆ ಚೀಟಿಗಳು ಅಂಟುತ್ತಲೇ ಬಂದಿವೆ. ಇನ್ನೊಂದು ಬಗೆಯವರು ಶಿಕ್ಷಕರು. ಮುಂಬಯಿಯಲ್ಲಿ ಈ ಎರಡನೆಯ ಪಂಗಡಕ್ಕೆ ಗೌರವ ತಂದುಕೊಟ್ಟವರು, 2005ರಿಂದ ದೈನಿಕವೊಂದರಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದು 2020ರಲ್ಲಿ ತೀರಿಕೊಂಡ ಡಾ. ಮಹಿಂದರ್ ವತ್ಸ. ಕರ್ವೆಯವರಿಗೆ ದಂಡ ತಂದ ಪ್ರಶ್ನೆಗಳಂಥವೇ ಅವರಿಗೂ ಬಂದವು. ಅವರು ವೈದ್ಯರು ಎಂಬುದನ್ನು ಮರೆಯಬಾರದು. ವೈದ್ಯನಿಗೆ ಪರಿಷತ್ತು ಇದೆ, ನೋಂದಣಿ ಇದೆ, ತಪ್ಪಿದರೆ ಕೇಳುವವರಿದ್ದಾರೆ. ಸ್ವತಂತ್ರ ಲೈಂಗಿಕ ಶಿಕ್ಷಕಿಗೆ ಅಂಥ ಪರಿಷತ್ತು ಭಾರತದಲ್ಲಿಲ್ಲ. ಅವಳ ಎಲ್ಲೆಯನ್ನು ಬಂಧುಗಳು ಕಾಯುವುದಿಲ್ಲ, ಗ್ರಂಥದ ಚೌಕಟ್ಟು ಕಾಯುವುದಿಲ್ಲ, ಸಂಸ್ಥೆಯೂ ಕಾಯುವುದಿಲ್ಲ. ಅವಳೇ ಎಳೆದು ಅವಳೇ ಕಾಯಬೇಕು.

ಅವುಗಳಲ್ಲಿ ಕೆಲವು ಎಲ್ಲೆಗಳು ಸರಳ. ರೋಗಲಕ್ಷಣ ಹೇಳಿದವರನ್ನು ವೈದ್ಯರ ಬಳಿಗೆ ಕಳುಹಿಸಬೇಕು, ಚಿಕಿತ್ಸೆಗೆ ಇಳಿಯಬಾರದು. ರೈಲಿನ ಚೀಟಿಗೂ ಅವಳಿಗೂ ಇರುವ ಭೇದ ಮೊದಲು ಇಲ್ಲಿ ಗೊತ್ತಾಗುತ್ತದೆ. ತನ್ನ ಬದುಕಿನ ಪ್ರಶ್ನೆಗೆ ಉತ್ತರವಿಲ್ಲವೆಂದು ನೇರವಾಗಿ ಹೇಳಬೇಕು. ಹುಡುಗ ಹುಡುಗಿಯರನ್ನು ಒಬ್ಬೊಬ್ಬರಾಗಿ ಮುಚ್ಚಿದ ಬಾಗಿಲಿನ ಹಿಂದೆ ಕಾಣಬಾರದು. ರಾತ್ರಿ ಫೋನಿಗೆ ಬಂದ ಸಂದೇಶಕ್ಕೆ ಮರುದಿನ ಕೆಲಸದ ವೇಳೆಯಲ್ಲಿ ಉತ್ತರಿಸಬೇಕು.

ಕಷ್ಟದ್ದು ಸಂಬೋಧನೆಯ ಎಲ್ಲೆ. ಮರಾಠಿಯಲ್ಲಿ 'ತಾಈ' ಎಂದರೆ ಅಕ್ಕ. ಕಿವಿಗೆ ಅದೇ ಆದ ಕನ್ನಡದ 'ತಾಯಿ' ಅಮ್ಮ. ಡೊಂಬಿವಲಿಯ ಕನ್ನಡ ಮನೆಯ ಹುಡುಗಿ ಶಿಕ್ಷಕಿಯನ್ನು ತಾಈ ಎಂದು ಕರೆದಾಗ ಎರಡು ಭಾಷೆಗಳ ಬಂಧುತ್ವ ಒಟ್ಟಿಗೆ ಶಿಕ್ಷಕಿಯ ಮೇಲೆ ಬೀಳುತ್ತದೆ. ಪ್ರೀತಿಯ ಕರೆಯೇನೋ ಹೌದು. ಆದರೆ ಅಕ್ಕನೆಂದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಕೇಳಬಹುದು, ಶುಲ್ಕ ಕೊಡದಿರಬಹುದು, ಅಮ್ಮನಿಗೆ ಹೇಳಬೇಡ ಎನ್ನಬಹುದು. ತಾಯಂದಿರೂ ಮಗಳು ಏನು ಕೇಳಿದಳೆಂದು ಅದೇ ಸಲಿಗೆಯಿಂದ ವಿಚಾರಿಸಬಹುದು. ಅನುಪಮಾ ಅವರ ಪುಸ್ತಕದಲ್ಲಿ ನಿರಪಾಯವಾಗಿದ್ದ ಅಕ್ಕತನ ಇಲ್ಲಿ ನಿರಪಾಯವಲ್ಲ. ಮೇಡಂ, ಟೀಚರ್ ಎಂಬ ಒಣ ಸಂಬೋಧನೆಗಳು ಈ ವೃತ್ತಿಯಲ್ಲಿ ಒಂದು ಬೇಲಿಯಂತೆ ಕೆಲಸ ಮಾಡುತ್ತವೆ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಬರೆದು ಪೆಟ್ಟಿಗೆಗೆ ಹಾಕಿಸುವ ಪದ್ಧತಿ ಇಂಥ ತರಗತಿಗಳಲ್ಲಿ ಸಾಮಾನ್ಯ. ಕರ್ವೆಯವರ ಪತ್ರಿಕೆಯ ಅಂಚೆಯ ಪ್ರಶ್ನೆಯೇ ಈ ರೂಪದಲ್ಲಿ ಉಳಿದಿದೆ ಎನ್ನಬಹುದು. ಆ ಚೀಟಿಯಲ್ಲಿ ಒಮ್ಮೆ ಪ್ರಶ್ನೆಯ ಬದಲು ದೂರು ಇರಬಹುದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನ ಪ್ರಕಾರ, ಇಂಥ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಮಗು ಎಂದರೆ 18 ತುಂಬದವರು. ಆದ್ದರಿಂದ ಹದಿನೇಳರ ಇಬ್ಬರ ಪರಸ್ಪರ ಒಲವಿನ ಸಂಬಂಧವೂ ಈ ಕಾಯಿದೆಯ ಕಣ್ಣಿಗೆ ಬೀಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಗರ್ಭಪಾತಕ್ಕೆ ಬಂದ ಅಪ್ರಾಪ್ತ ಬಾಲೆಯೂ ಅವಳ ಪಾಲಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು ಗುರುತುಗಳನ್ನು ಹೇಳಬೇಕಾಗಿಲ್ಲವೆಂದು ತೀರ್ಪಿತ್ತಿತು. ಆ ರಿಯಾಯಿತಿ ನೋಂದಾಯಿತ ವೈದ್ಯರಿಗೆ. ಶಿಕ್ಷಕಿಗೆ ಅದು ಇಲ್ಲ.

ಆದುದರಿಂದ ಗುಟ್ಟನ್ನು ಕಾಯುತ್ತೇನೆಂದು ಅವಳು ಮಾತು ಕೊಡುವಂತಿಲ್ಲ. ಕೊಟ್ಟರೆ ಮಗುವಿಗೆ ಸುಳ್ಳು ಹೇಳಿದಂತಾಗುತ್ತದೆ. ಕೊಡದಿದ್ದರೆ ಮಗು ಬಾಯಿ ಬಿಡದಿರಬಹುದು. ವಾತ್ಸ್ಯಾಯನನ ಪಟ್ಟಿಯಲ್ಲಿ ಗುರುವಿನ ಮೊದಲ ಯೋಗ್ಯತೆಯಾಗಿದ್ದ ನಂಬಿಕೆಗೆ ಇಂದು ಕಾನೂನು ಒಂದು ಅಂಚನ್ನು ಕೊಟ್ಟಿದೆ. ಆ ಅಂಚನ್ನು ಚೀಟಿ ಬರೆಯುವ ಮೊದಲೇ ಮಕ್ಕಳಿಗೆ ತೋರಿಸುವುದು ಉಳಿದಿರುವ ಒಂದೇ ದಾರಿ: ನೀವು ಕೇಳಿದ್ದಕ್ಕೆಲ್ಲ ನಾನು ಉತ್ತರಿಸುತ್ತೇನೆ, ಯಾರು ಕೇಳಿದರೆಂದು ಯಾರಿಗೂ ಹೇಳುವುದಿಲ್ಲ, ಆದರೆ ಯಾರಾದರೂ ನಿಮಗೆ ನೋವು ಮಾಡುತ್ತಿದ್ದಾರೆಂದು ತಿಳಿದರೆ ಅದನ್ನು ಬಚ್ಚಿಡಲಾರೆ. ಒಂದೇ ಕೋಣೆಯಲ್ಲಿ ಕೆಲವರು ಮರಾಠಿಯಲ್ಲಿ, ಕೆಲವರು ಹಿಂದಿಯಲ್ಲಿ, ಮನೆಯಲ್ಲಿ ಕನ್ನಡವೋ ತುಳುವೋ ಆಡುವವರು ಶಾಲೆಯ ಇಂಗ್ಲಿಷಿನಲ್ಲಿ ಚೀಟಿ ಬರೆಯುವ ಕಲ್ಯಾಣ–ಡೊಂಬಿವಲಿಯಂಥಲ್ಲಿ ಆ ಮಾತನ್ನು ಪ್ರತಿಯೊಂದು ಮಗುವಿಗೂ ಅರ್ಥವಾಗುವ ನುಡಿಯಲ್ಲಿ, ಪೆಟ್ಟಿಗೆಯನ್ನು ಮುಂದಿಡುವ ಮೊದಲೇ, ಆಡಬೇಕಾಗುತ್ತದೆ.